ಏಳು ನೀರು

ನನ್ನ ಮೇಜಿನ ಮೇಲೆ ಎರಡು ಹಳೆಯ ಫೋಟೋಗಳಿವೆ. ಎರಡೂ ಎರಡೂಕಾಲು ಇಂಚಿನ ಚೌಕಗಳು. ಒಂದೇ ಕ್ಯಾಮೆರಾದಲ್ಲಿ ತೆಗೆದವು, ಒಂದೇ ಮನೆಯಲ್ಲಿ ಪ್ರಿಂಟಾದವು, ಐವತ್ತು ವರ್ಷ ಒಂದೇ ಟ್ರಂಕಿನೊಳಗೆ ಇದ್ದವು. ಮೊದಲನೆಯದರ ಬೆನ್ನಿಗೆ ಪೆನ್ಸಿಲಿನಲ್ಲಿ ‘ಆಗಸ್ಟ್ 1972’ ಎಂದು ಬರೆದಿದೆ. ಅಂಗಳದಲ್ಲಿ ಕಟ್ಟಿದ ಒಂದು ಕರು, ಅದರ ಹಿಂದೆ ಮಣ್ಣಿನ ಗೋಡೆ. ಗೋಡೆಯ ಬಿರುಕುಗಳನ್ನು ಇವತ್ತಿಗೂ ಎಣಿಸಬಹುದು. ಎರಡನೆಯದರ ಬೆನ್ನಿಗೆ ‘ಏಪ್ರಿಲ್ 1973’. ಯಾವುದೋ ಮದುವೆಯ ಚಪ್ಪರ. ಅದರ ಕೆಳಗೆ ನಿಂತವರ ಮುಖಗಳು ಚಹಾ ಚೆಲ್ಲಿದ ಬಣ್ಣಕ್ಕೆ ತಿರುಗಿವೆ. ಅಂಚಿನಲ್ಲಿದ್ದ ಇಬ್ಬರು ಪೂರ್ತಿ ಅಳಿಸಿಹೋಗಿದ್ದಾರೆ. ಎರಡರ ಹಿಂದೆಯೂ ನೀಲಿ ರಬ್ಬರ್ ಸ್ಟಾಂಪಿನಲ್ಲಿ ನನ್ನ ದೊಡ್ಡಪ್ಪನ ಹೆಸರಿದೆ.

ಸಾಗರ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದ ಅವರು ಹದಿನೈದು ಹದಿನಾರು ವರ್ಷ ಫೋಟೋ ತೆಗೆದರು. ಮನೆಗಳಲ್ಲಿ ಉಳಿದಿರುವ ಚಿತ್ರ ಮತ್ತು ಕಾಗದಪತ್ರಗಳೇ ನನ್ನ ಸಂಶೋಧನೆಯ ವಸ್ತುವಾದ್ದರಿಂದ ಅವರ ಟ್ರಂಕೂ ಒಂದು ದಿನ ನನ್ನ ಪಟ್ಟಿಗೆ ಸೇರಿತು. ಇನ್ನೂರರ ಹತ್ತಿರ ಪ್ರಿಂಟುಗಳು. ಅವನ್ನು ತಿಂಗಳುವಾರು ಜೋಡಿಸುತ್ತ ಹೋದಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಜುಲೈನಿಂದ ಡಿಸೆಂಬರಿನ ತನಕ ಪ್ರಿಂಟಾದವು ಹೆಚ್ಚಾಗಿ ಗಟ್ಟಿಯಾಗಿವೆ. ಮಾರ್ಚ್, ಏಪ್ರಿಲ್, ಮೇ ತಿಂಗಳವು ಹಳದಿಯಾಗಿವೆ. ಹಿಂದೆ ಬರೆದದ್ದು ಫೋಟೋ ತೆಗೆದ ದಿನವಲ್ಲ, ಪ್ರಿಂಟು ಹಾಕಿದ ದಿನ ಎಂದು ದೊಡ್ಡಮ್ಮ ಹೇಳಿದಾಗ ವಿಚಿತ್ರ ಬಿಡಿಸಿಕೊಳ್ಳತೊಡಗಿತು. ಬೇಸಿಗೆಯಲ್ಲಿ ಬಾವಿಯ ನೀರು ತಳ ಕಾಣುತ್ತಿತ್ತು.

ಮನೆಯಲ್ಲಿ ಕಪ್ಪುಬಿಳುಪು ಫೋಟೋ ಮಾಡುವುದೆಂದರೆ ಏನೆಂದು ಈಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ದೊಡ್ಡಪ್ಪನ ಹತ್ತಿರ ಇದ್ದದ್ದು ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3. ಒಂದು 120 ಫಿಲಂ ರೋಲಿಗೆ ಹನ್ನೆರಡು ಚಿತ್ರ. ದೊಡ್ಡದು ಮಾಡುವ ಎನ್ಲಾರ್ಜರ್ ಕೊಳ್ಳುವ ಶಕ್ತಿ ಇರಲಿಲ್ಲ. ಹಾಗಾಗಿ ನೆಗೆಟಿವನ್ನು ನೇರವಾಗಿ ಬ್ರೋಮೈಡ್ ಕಾಗದದ ಮೇಲಿಟ್ಟು, ಯಾವುದೋ ದೇವರ ಪಟದಿಂದ ಬಿಚ್ಚಿದ ಗಾಜನ್ನು ಅದರ ಮೇಲೆ ಒತ್ತಿ, ಬಲ್ಬು ಹೊತ್ತಿಸಿ ಆರಿಸುವುದು. ನೆಗೆಟಿವ್ ಎಷ್ಟು ದೊಡ್ಡದೋ ಫೋಟೋ ಅಷ್ಟೇ ದೊಡ್ಡದು. ಡಾರ್ಕ್ ರೂಮ್ ಎಂದರೆ ಬಚ್ಚಲುಮನೆ. ಬಾಗಿಲಿನ ಸಂದಿಗೆ ಗೋಣಿಚೀಲ, ಕಿಟಕಿಗೆ ಕಂಬಳಿ. ಬ್ರೋಮೈಡ್ ಕಾಗದಕ್ಕೆ ಕೆಂಪು ಬೆಳಕು ಕಾಣುವುದಿಲ್ಲ. ಅದಕ್ಕೆಂದು ಕೆಂಪು ಕಾಗದ ಸುತ್ತಿದ ಸಣ್ಣ ಬಲ್ಬು ಇತ್ತು. ಆದರೆ ಹಂಡೆಯ ಒಲೆಯಲ್ಲಿ ಆರುತ್ತಿರುವ ಕೆಂಡವೇ ಸಾಕಾಗುತ್ತಿತ್ತು ಎನ್ನುತ್ತಾರೆ ದೊಡ್ಡಮ್ಮ. ಬೂದಿ ಹಾರುತ್ತದೆಂದು ದೊಡ್ಡಪ್ಪ ಗೊಣಗುತ್ತಿದ್ದರಂತೆ. ಬೂದಿ ಹಾರಿದ್ದೂ ನಿಜ, ಕೆಲವು ಫೋಟೋಗಳಲ್ಲಿ ಬಿಳಿ ಚುಕ್ಕೆಗಳಾಗಿ ಅದು ಉಳಿದಿದೆ.

ಲಿಂಗನಮಕ್ಕಿಯ ಕರೆಂಟು 1960ರ ದಶಕದಲ್ಲೇ ರಾಜ್ಯಕ್ಕೆಲ್ಲ ಹೋಯಿತು, ಅಣೆಕಟ್ಟಿನ ತಾಲೂಕಿನಲ್ಲೇ ಇದ್ದ ನಮ್ಮೂರಿಗೆ ತಡವಾಗಿ ಬಂತು. ಬಂದ ಮೇಲೂ ವೋಲ್ಟೇಜು ಒಂದೇ ಸಮ ಇರುತ್ತಿರಲಿಲ್ಲ. ಹಾಗಾಗಿ ಬಲ್ಬು ಎಷ್ಟು ಹೊತ್ತು ಉರಿಯಬೇಕೆಂಬುದಕ್ಕೆ ಗಡಿಯಾರದ ಲೆಕ್ಕ ಉಪಯೋಗಕ್ಕೆ ಬರುತ್ತಿರಲಿಲ್ಲ. ದೊಡ್ಡಪ್ಪ ಎರಡೂ ಕೈಯಲ್ಲಿ ಗಾಜು ಒತ್ತಿ ಹಿಡಿದಿರುತ್ತಿದ್ದರು. ಸ್ವಿಚ್ಚು ಹಾಕಿ ಎಣಿಸುವವರು ದೊಡ್ಡಮ್ಮ. “ಬಲ್ಬು ಬೆಳ್ಳಗಿದ್ರೆ ಹನ್ನೆರಡು ರಾಮ, ಕೆಂಪಗಿದ್ರೆ ಇಪ್ಪತ್ತು ರಾಮ” ಎಂದು ಅವರು ನನಗೆ ಹೇಳಿದರು. ಒಂದು ರಾಮ ಎಂದರೆ ಸುಮಾರು ಒಂದು ಸೆಕೆಂಡು. ನಡುವಿನ ಬಣ್ಣವಿದ್ದರೆ? “ಅಂದಾಜು” ಎಂದರು. ಆ ಅಂದಾಜು ತಪ್ಪಿದ್ದರೆ ಕಾಗದ ಹಾಳು. ಆ ಕಾಗದಕ್ಕೆ ಶಿವಮೊಗ್ಗಕ್ಕೆ ಹೋಗಬೇಕಿತ್ತು.

ಮುಂದಿನದು ಎಲ್ಲರೂ ಬಲ್ಲ ಚಮತ್ಕಾರ. ಬಿಳಿ ಕಾಗದ ಡೆವಲಪರಿನಲ್ಲಿ ಮುಳುಗಿ, ಒಂದೆರಡು ನಿಮಿಷದಲ್ಲಿ ಮುಖ ಮೂಡುತ್ತದೆ. ಸಿನಿಮಾಗಳಲ್ಲಿ, ಕತೆಗಳಲ್ಲಿ ಡಾರ್ಕ್ ರೂಮ್ ಎಂದರೆ ಆ ಕ್ಷಣ ಮಾತ್ರ. ಅಲ್ಲಿಗೆ ಕತೆ ಮುಗಿದಂತೆ ಎಲ್ಲರೂ ದೀಪ ಹಾಕಿಬಿಡುತ್ತಾರೆ. ನಿಜವಾಗಿ ಆಗ ಕಾಗದದಲ್ಲಿ ಎರಡು ಬಗೆಯ ಬೆಳ್ಳಿ ಇರುತ್ತದೆ. ಬೆಳಕು ಬಿದ್ದ ಕಡೆ ಡೆವಲಪರಿನಿಂದ ಲೋಹವಾಗಿ ಕಪ್ಪಾದ ಬೆಳ್ಳಿ, ಬೆಳಕು ಬೀಳದ ಕಡೆ ಇನ್ನೂ ಹಸಿಯಾಗಿ ಉಳಿದ ಬೆಳ್ಳಿಯ ಲವಣ. ಈ ಹಸಿ ಲವಣವನ್ನು ತೆಗೆಯದಿದ್ದರೆ ಹಗಲು ಬೆಳಕಿಗೆ ಅದೂ ನಿಧಾನಕ್ಕೆ ಕಪ್ಪಾಗುತ್ತದೆ. ತೆಗೆಯುವುದು ಹೈಪೋ. ತೆಗೆದ ಮೇಲೆ ಹೈಪೋವನ್ನೇ ತೆಗೆಯಬೇಕು. ಅದನ್ನು ತೆಗೆಯಲು ನೀರಲ್ಲದೆ ಬೇರೆ ದಾರಿಯಿಲ್ಲ. ಫೋಟೋಗ್ರಫಿಯ ಚರಿತ್ರೆ ಬರೆದವರು ಬೆಳಕಿನ ಬಗ್ಗೆ ಬರೆದಷ್ಟು ನೀರಿನ ಬಗ್ಗೆ ಬರೆಯಲಿಲ್ಲ ಎಂಬುದು ನನ್ನ ತಕರಾರು.

ಹೈಪೋದ ಕತೆ ಫೋಟೋಗ್ರಫಿಗಿಂತ ಹಳೆಯದು. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1819ರಲ್ಲೇ ಈ ವಸ್ತು ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆಂದು ಕಂಡುಕೊಂಡಿದ್ದ. ಹಾಗೆ ಕರಗಿದ ದ್ರಾವಣ ಜೇನನ್ನು ಮೀರಿಸುವಷ್ಟು ಸಿಹಿಯಾಗಿದೆ ಎಂದೂ ಬರೆದಿಟ್ಟ. ಆ ಕಾಲದ ರಸಾಯನಶಾಸ್ತ್ರಜ್ಞರು ಎಲ್ಲವನ್ನೂ ನಾಲಗೆಗೆ ಹಚ್ಚಿ ನೋಡುತ್ತಿದ್ದರು, ಹೇಗೆ ಬದುಕಿದರೋ ದೇವರೇ ಬಲ್ಲ. ಇಪ್ಪತ್ತು ವರ್ಷ ಈ ಮಾಹಿತಿಗೆ ಉಪಯೋಗವೇ ಇರಲಿಲ್ಲ. 1839ರ ಜನವರಿಯಲ್ಲಿ ಪ್ಯಾರಿಸಿನಲ್ಲಿ ಡಾಗೇರ್ ಬೆಳಕಿನ ಚಿತ್ರಗಳನ್ನು ಹಿಡಿದಿಟ್ಟಿದ್ದಾನೆಂಬ ಸುದ್ದಿ ಬಂದಾಗ, ಹರ್ಷೆಲ್ ತನ್ನ ಸ್ಲಾವ್ ಊರಿನ ಮನೆಯಲ್ಲೇ ಪ್ರಯೋಗಕ್ಕೆ ಕೂತು, ಹಳೆಯ ಹೈಪೋವನ್ನು ನೆನಪಿಸಿಕೊಂಡ. ಫೆಬ್ರವರಿ 1ರಂದು ಅವನ ಮನೆಗೆ ಬಂದ ಹೆನ್ರಿ ಫಾಕ್ಸ್ ಟಾಲ್ಬಟ್‌ನಿಗೆ ಅದನ್ನು ತೋರಿಸಿದ.

ಟಾಲ್ಬಟ್ ಕೂಡ ಮನೆಯಲ್ಲೇ ಫೋಟೋ ಮಾಡುತ್ತಿದ್ದವನು. ಲೇಕಾಕ್ ಅಬ್ಬೆ ಎಂಬ ತನ್ನ ಮನೆಯ ಕಿಟಕಿಯನ್ನು 1835ರ ಆಗಸ್ಟಿನಲ್ಲಿ ಅಂಚೆಚೀಟಿಯಷ್ಟು ಸಣ್ಣ ನೆಗೆಟಿವಿನಲ್ಲಿ ಹಿಡಿದಿದ್ದ. ಅವನು ಅಲ್ಲಲ್ಲಿ ಇಟ್ಟುಹೋಗುತ್ತಿದ್ದ ಪುಟ್ಟ ಮರದ ಪೆಟ್ಟಿಗೆಗಳನ್ನು ಹೆಂಡತಿ ಕಾನ್‌ಸ್ಟನ್ಸ್ ಇಲಿಬೋನು ಎಂದು ಕರೆಯುತ್ತಿದ್ದಳು. ಕಾಗದಕ್ಕೆ ಮೊದಲು ಬಳಿಯುತ್ತಿದ್ದದ್ದು ಅಡುಗೆಮನೆಯ ಉಪ್ಪು ಕದಡಿದ ನೀರು, ಅದರ ಮೇಲೆ ಸಿಲ್ವರ್ ನೈಟ್ರೇಟ್. ಅವನಿಗೆ ನಿಕೊಲಾಸ್ ಹೆನ್ನೆಮನ್ ಎಂಬ ಡಚ್ ಸೇವಕನಿದ್ದ. ಯಜಮಾನನ ಬಟ್ಟೆಬರೆ ನೋಡಿಕೊಳ್ಳುತ್ತಿದ್ದ ಈತ ಕ್ರಮೇಣ ಪ್ರಿಂಟು ಹಾಕುವುದನ್ನು ಕಲಿತು, ರೆಡಿಂಗ್ ಊರಿನಲ್ಲಿ ಪ್ರಿಂಟಿಂಗಿನ ಒಂದು ಸಂಸ್ಥೆಯನ್ನೇ ನಡೆಸಿದ. ಫೋಟೋಗಳನ್ನು ಕೈಯಲ್ಲಿ ಅಂಟಿಸಿ 1844ರಿಂದ 46ರ ನಡುವೆ ಕಂತುಗಳಲ್ಲಿ ಬಂದ ಟಾಲ್ಬಟ್‌ನ ‘ದಿ ಪೆನ್ಸಿಲ್ ಆಫ್ ನೇಚರ್’ ಪುಸ್ತಕದ ಪ್ರಿಂಟುಗಳು ಅಲ್ಲಿಯವು.

ಮನೆಯ ಕೆಲಸ ಕಾರ್ಖಾನೆಯ ಕೆಲಸವಾದಾಗ ನೀರಿನ ಪ್ರಶ್ನೆ ಎದ್ದಿತು. 1846ರಲ್ಲಿ ಲಂಡನ್ನಿನ ‘ಆರ್ಟ್-ಯೂನಿಯನ್’ ಪತ್ರಿಕೆ ತನ್ನ ಒಂದು ಸಂಚಿಕೆಯ ಪ್ರತಿಯೊಂದು ಪ್ರತಿಯಲ್ಲೂ ಒಂದು ನಿಜವಾದ ಫೋಟೋ ಅಂಟಿಸಿ ಕೊಡಲು ಒಪ್ಪಿಕೊಂಡಿತು. ಸಾವಿರಾರು ಪ್ರಿಂಟುಗಳನ್ನು ಅವಸರದಲ್ಲಿ ಮಾಡಿದರು. ತೊಳೆಯಲು ಹೊತ್ತು ಸಾಲಲಿಲ್ಲ. ಹೊಸ ಕಲೆಯ ಜಾಹೀರಾತಾಗಬೇಕಿದ್ದ ಆ ಫೋಟೋಗಳು ಓದುಗರ ಕಪಾಟಿನಲ್ಲೇ ಮಾಸಿಹೋದವು. ಟಾಲ್ಬಟ್‌ಗೆ ಆದ ಅವಮಾನ ಸಣ್ಣದಲ್ಲ. 1855ರಲ್ಲಿ ಲಂಡನ್ನಿನ ಫೋಟೋಗ್ರಾಫಿಕ್ ಸೊಸೈಟಿ, ಫೋಟೋಗಳು ಯಾಕೆ ಮಾಸುತ್ತವೆ ಎಂದು ತನಿಖೆ ಮಾಡಲು ಒಂದು ಸಮಿತಿಯನ್ನೇ ಕೂರಿಸಿತು. ರಾಣಿ ವಿಕ್ಟೋರಿಯಾಳ ಗಂಡ ಪ್ರಿನ್ಸ್ ಆಲ್ಬರ್ಟ್ ಅದಕ್ಕೆ ಹಣ ಕೊಟ್ಟ. ಸಮಿತಿ ಕಂಡುಕೊಂಡ ಮುಖ್ಯ ಕಾರಣ: ಸರಿಯಾಗಿ ತೊಳೆಯದೆ ಕಾಗದದಲ್ಲಿ ಉಳಿದ ಹೈಪೋ. ಉಳಿದ ಹೈಪೋ ಕಾಲಕ್ರಮದಲ್ಲಿ ಒಡೆದು ಗಂಧಕ ಬಿಡುತ್ತದೆ, ಗಂಧಕ ಬೆಳ್ಳಿಯನ್ನು ಹಿಡಿಯುತ್ತದೆ. ಬೆಳ್ಳಿಯ ಲೋಟ ಕಪ್ಪಿಡುವುದೂ ಗಂಧಕದಿಂದಲೇ. ಫೋಟೋದ ಬೆಳ್ಳಿಯ ಕಣಗಳು ತೀರ ಸಣ್ಣವಾದ್ದರಿಂದ ಅಲ್ಲಿ ಅದು ಹಳದಿಯಾಗಿ, ಕಂದಾಗಿ ಕಾಣುತ್ತದೆ. ನನ್ನ ಮೇಜಿನ ಮೇಲಿರುವ ಏಪ್ರಿಲ್ 1973ರ ಚಪ್ಪರ ಅಳಿಸಿಹೋದದ್ದಕ್ಕೂ ಬಹುಮಟ್ಟಿಗೆ ಇದೇ ಕಾರಣ. ‘ಬಹುಮಟ್ಟಿಗೆ’ ಎನ್ನುತ್ತೇನೆ, ಯಾಕೆಂದರೆ ಮಲೆನಾಡಿನ ಥಂಡಿ, ಹಳೆಯದಾಗಿ ಶಕ್ತಿಗುಂದಿದ ಹೈಪೋ ಕೂಡ ಇದನ್ನೇ ಮಾಡಬಲ್ಲವು. ಆದರೆ ಥಂಡಿ ಟ್ರಂಕಿನೊಳಗಿನ ಎಲ್ಲ ಪ್ರಿಂಟುಗಳಿಗೂ ಒಂದೇ. ಅದು ಏಪ್ರಿಲನ್ನು ಮಾತ್ರ ಹುಡುಕಿಕೊಂಡು ಹೋಗುವುದಿಲ್ಲ.

ಸಮಿತಿ ಕೂತ ಅದೇ ವರ್ಷ ಲಿನಿಯಸ್ ಟ್ರೈಪ್ ಎಂಬ ಮದ್ರಾಸ್ ಸೈನ್ಯದ ಕ್ಯಾಪ್ಟನ್ ಬರ್ಮಾಕ್ಕೆ ಹೋಗಿದ್ದ. ಅದಕ್ಕೆ ಮೊದಲು, 1854ರ ಡಿಸೆಂಬರಿನಲ್ಲಿ, ಬೇಲೂರು ಹಳೇಬೀಡುಗಳ ಫೋಟೋ ತೆಗೆದವನು ಈತ. ಬರ್ಮಾದಿಂದ ಬಂದ ಮೇಲೆ ನೂರಿಪ್ಪತ್ತು ನೆಗೆಟಿವುಗಳನ್ನು ಆರಿಸಿ, ಒಂದೊಂದರಿಂದ ಐವತ್ತು ಪ್ರತಿಗಳಂತೆ ಪ್ರಿಂಟು ಹಾಕಿಸಿದ್ದು ಬೆಂಗಳೂರಿನಲ್ಲಿ. ಅಂದರೆ ಆರು ಸಾವಿರ ಪ್ರಿಂಟುಗಳು. ಹೆಸರಘಟ್ಟದ ಕೊಳಾಯಿ ನೀರು ಊರಿಗೆ ಬರಲು ಇನ್ನೂ ನಲವತ್ತು ವರ್ಷ ಬಾಕಿಯಿದ್ದ ಬೆಂಗಳೂರು ಅದು, ಕೆರೆಬಾವಿಗಳ ಊರು. ಆರು ಸಾವಿರ ಹಾಳೆಗಳನ್ನು ಒಬ್ಬ ಕ್ಯಾಪ್ಟನ್ ತಾನೇ ತೊಳೆಯಲಾರ. ಪ್ರಿಂಟುಗಳ ಮೇಲೆ ಇರುವುದು ಟ್ರೈಪನ ಸಹಿ. ಅವನ ಕೈಕೆಳಗೆ ಪಳಗಿದವರಲ್ಲಿ ಸಿ. ಅಯ್ಯಾಸ್ವಾಮಿ ಎಂಬವರ ಹೆಸರು ಉಳಿದುಕೊಂಡಿದೆ. ಮುಂದೆ ಅವರು ಮದ್ರಾಸಿನ ಕಲಾಶಾಲೆಯಲ್ಲಿ ಫೋಟೋಗ್ರಫಿ ಕಲಿಸುವಷ್ಟು ಬೆಳೆದದ್ದರಿಂದ ಅವರ ಹೆಸರು ಉಳಿಯಿತು. ನೀರು ಹೊತ್ತವರು ಹಾಗೆ ಬೆಳೆಯುವ ಕೆಲಸದಲ್ಲಿರಲಿಲ್ಲ.

ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಕಲ್ಕತ್ತದಲ್ಲಿ ಹುಟ್ಟಿದವಳು. 1863ರಲ್ಲಿ, ನಲವತ್ತೆಂಟರ ವಯಸ್ಸಿನಲ್ಲಿ, ಮಗಳು ಅಳಿಯ ಅವಳಿಗೆ ಒಂದು ಕ್ಯಾಮೆರಾ ಕೊಟ್ಟರು. ಐಲ್ ಆಫ್ ವೈಟ್ ದ್ವೀಪದ ತನ್ನ ಮನೆಯಲ್ಲಿ ಕಲ್ಲಿದ್ದಲು ತುಂಬುವ ಕೋಣೆಯನ್ನು ಡಾರ್ಕ್ ರೂಮ್ ಮಾಡಿದಳು, ಗಾಜು ಹಾಕಿದ್ದ ಕೋಳಿಗೂಡನ್ನು ಸ್ಟುಡಿಯೋ ಮಾಡಿದಳು. ಕೋಳಿಗಳನ್ನು ಬಿಟ್ಟುಬಿಟ್ಟೆವು, ಯಾರೂ ತಿಂದಿಲ್ಲವೆಂದು ನಂಬುತ್ತೇನೆ ಎಂಬರ್ಥದ ಮಾತನ್ನು ತನ್ನ ನೆನಪುಗಳಲ್ಲಿ ಬರೆದಿದ್ದಾಳೆ. ಸಿಲ್ವರ್ ನೈಟ್ರೇಟಿನಿಂದ ಅವಳ ಕೈ, ಬಟ್ಟೆ, ಮೇಜಿನ ಹಾಸು ಎಲ್ಲ ಕಪ್ಪು. ಪ್ರಿಂಟು ತೊಳೆಯಲು ಬಾವಿಯ ನೀರೇ ಆಗಬೇಕಿತ್ತು. ಆ ಮನೆಯ ಕೆಲಸದ ಹುಡುಗಿ ಮೇರಿ ಹಿಲಿಯರ್ ಮಡೋನಾ ಆಗಿ ಕ್ಯಾಮೆರಾದ ಮುಂದೆ ಮತ್ತೆ ಮತ್ತೆ ನಿಂತಳು, ಹಾಗಾಗಿ ಅವಳ ಮುಖವೂ ಹೆಸರೂ ಮ್ಯೂಸಿಯಮ್ಮುಗಳಲ್ಲಿ ಉಳಿದವು.

ಹೆಂಗಸರ ಪಾಲಿಗೆ ಬಂದದ್ದು ಯಾವಾಗಲೂ ತೊಳೆಯುವ ಕೆಲಸವೇ ಎಂದು ಹೇಳಲು ನಾನು ಹೊರಟಿಲ್ಲ. ಕ್ಯಾಮೆರಾನ್ ಇದ್ದಾಳೆ. ನಮ್ಮಲ್ಲಿ ಕಾಶಿಯ ಪಕ್ಕದ ರಾಮನಗರದಲ್ಲಿ ಬೆಳೆದ ಅವಳಿ ಸೋದರಿಯರು ದೇಬಲೀನಾ ಮಜುಮ್ದಾರ್ ಮತ್ತು ಮನೋಬೀನಾ ರಾಯ್ ಇದ್ದಾರೆ. 1919ರಲ್ಲಿ ಹುಟ್ಟಿದ ಇಬ್ಬರಿಗೂ ಹನ್ನೆರಡನೆಯ ಹುಟ್ಟುಹಬ್ಬಕ್ಕೆ ತಂದೆ ಒಂದೊಂದು ಬಾಕ್ಸ್ ಕ್ಯಾಮೆರಾ ಕೊಟ್ಟರು. ಅದಕ್ಕಿಂತ ದೊಡ್ಡ ವಿಷಯವೆಂದರೆ ಮನೆಯಲ್ಲೇ ಡೆವಲಪ್ ಮಾಡುವುದನ್ನೂ ಪ್ರಿಂಟು ಹಾಕುವುದನ್ನೂ ಕಲಿಸಿದರು. ಪ್ರಿಂಟುಗಳನ್ನು ಅಂಚೆಯಲ್ಲಿ ಒಬ್ಬರಿಂದೊಬ್ಬರಿಗೆ ಕಳಿಸಿ ವಿಮರ್ಶೆ ಮಾಡುವ ಒಂದು ಪೋಸ್ಟಲ್ ಬಳಗದಲ್ಲಿ ಈ ಹುಡುಗಿಯರು ಸದಸ್ಯರಾಗಿದ್ದರು. ಮನೋಬೀನಾ ಮುಂದೆ ಸಿನಿಮಾ ನಿರ್ದೇಶಕ ಬಿಮಲ್ ರಾಯ್ ಅವರನ್ನು ಮದುವೆಯಾದರು. ಕ್ಯಾಮೆರಾವೂ ಡಾರ್ಕ್ ರೂಮೂ ಎರಡೂ ಕೈಗೆ ಸಿಕ್ಕ ಮನೆಯಲ್ಲಿ ಹೆಸರೂ ಸಿಕ್ಕಿತು. ನಮ್ಮ ಮನೆಯಲ್ಲಿ ದೊಡ್ಡಮ್ಮನಿಗೆ ಡಾರ್ಕ್ ರೂಮ್ ಮಾತ್ರ ಸಿಕ್ಕಿತ್ತು, ಅದೂ ಅದು ಅವರದ್ದೇ ಬಚ್ಚಲಾದ್ದರಿಂದ.

ತೊಳೆಯುವ ಬಗ್ಗೆ ದೊಡ್ಡಮ್ಮನಿಗೆ ಒಂದೇ ನಿಯಮ: ಏಳು ನೀರು. ಪಿಂಗಾಣಿ ಬೇಸಿನ್ನಿನಲ್ಲಿ ಪ್ರಿಂಟುಗಳನ್ನು ಹಾಕಿ, ನೀರು ತುಂಬಿ, ಒಂದಕ್ಕೊಂದು ಅಂಟದಂತೆ ಕೈಯಾಡಿಸಿ, ಸ್ವಲ್ಪ ಹೊತ್ತು ಬಿಟ್ಟು ಚೆಲ್ಲುವುದು. ಹೀಗೆ ಏಳು ಸಲ. ಪುಸ್ತಕಗಳು ಆ ಕಾಲದ ಕಾಗದಕ್ಕೆ ಹರಿಯುವ ನೀರಿನಲ್ಲಿ ಒಂದು ಗಂಟೆ ಎನ್ನುತ್ತವೆ. ಆದರೆ ಮತ್ತೆ ಮತ್ತೆ ಬದಲಿಸಿದ ನಿಂತ ನೀರೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ, ಪ್ರತಿ ಸಲವೂ ಕಾಗದದೊಳಗಿನ ಹೈಪೋ ಹೊಸ ನೀರಿಗೆ ಬಂದು ಹಂಚಿಕೊಳ್ಳುತ್ತದೆ. ಏಳು ಎಂಬ ಲೆಕ್ಕ ಎಲ್ಲಿಂದ ಬಂತು ಎಂದು ಕೇಳಿದೆ. ಮೇಷ್ಟರು ಶಾಲೆಯಿಂದ ತಂದ ಪರ್ಮಾಂಗನೇಟಿನ ಹರಳಿನಿಂದ ಎಂದರು. ಬಾವಿಯ ನೀರಿಗೆ ಹಾಕುವ ಆ ನೇರಳೆ ಔಷಧಿ ಅವರಿಗೆ ಮೊದಲೇ ಪರಿಚಯ. ಅದರ ತೆಳು ದ್ರಾವಣಕ್ಕೆ ಪ್ರಿಂಟಿನಿಂದ ತೊಟ್ಟಿಕ್ಕುವ ನೀರನ್ನು ಬಿಟ್ಟಾಗ ನೇರಳೆ ಬಣ್ಣ ಹೋದರೆ ಹೈಪೋ ಇನ್ನೂ ಇದೆ ಎಂದರ್ಥ. ಬಾವಿಯ ಬರೀ ನೀರನ್ನೂ ಪಕ್ಕದ ಲೋಟದಲ್ಲಿ ಹೋಲಿಸಿ ನೋಡಬೇಕು, ಕೊಳೆ ಇದ್ದರೆ ಅದೂ ಬಣ್ಣ ಕೆಡಿಸುತ್ತದೆ. ನಮ್ಮ ಬಾವಿಯ ನೀರಿಗೆ ಏಳನೆಯ ಸಲಕ್ಕೆ ನೇರಳೆ ಹಾಗೇ ನಿಂತಿತು. ಆಮೇಲೆ ಪರೀಕ್ಷೆ ಬೇಕಾಗಲಿಲ್ಲ.

ಹಿಂದಿನ ಕಾಲದಲ್ಲಿ ಪ್ರಿಂಟಿನ ಮೂಲೆಯನ್ನು ನಾಲಗೆಗೆ ಮುಟ್ಟಿಸಿ, ಸಿಹಿ ಇದೆಯೋ ಹೋಯಿತೋ ನೋಡುತ್ತಿದ್ದರಂತೆ ಎಂದು ಹೇಳಿದೆ. “ಶಿವನೇ, ಎಂಜಲು ಮಾಡಿ ಆಮೇಲೆ ಗೋಡೆಗೆ ತೂಗುಹಾಕೋದಾ?” ಎಂದರು. ಮೊಟ್ಟೆಯೂ ಒಳಗೆ ಬರದ ಆ ಮನೆಯ ಬಚ್ಚಲಿಗೆ ಬಂದ ಒಂದೊಂದು ಕಾಗದದ ಮೇಲೂ ದನದ ಎಲುಬು ಚರ್ಮಗಳಿಂದ ಮಾಡುವ ಜೆಲಾಟಿನಿನ ಲೇಪ ಇತ್ತೆಂಬುದನ್ನು ನಾನು ಆಗ ಹೇಳಲಿಲ್ಲ. ಈಗಲೂ ಹೇಳಿಲ್ಲ.

ಬೇಸಿಗೆಯಲ್ಲಿ ಏಳು ನೀರು ಮೂರಕ್ಕೋ ಎರಡಕ್ಕೋ ಇಳಿಯುತ್ತಿತ್ತು. ಕೊಟ್ಟಿಗೆಯ ದನಗಳಿಗೆ, ಅಡುಗೆಗೆ, ಬಾಣಂತಿ ಇದ್ದರೆ ಅವಳ ಸ್ನಾನಕ್ಕೆ ಮೊದಲು, ಫೋಟೋಕ್ಕೆ ಆಮೇಲೆ. ಬೇಸಿಗೆಯಲ್ಲಿ ಮದುವೆ ಮುಂಜಿಗಳು ಹೆಚ್ಚು, ಹಾಗಾಗಿ ನಮ್ಮ ವಂಶದ ಮದುವೆಗಳೆಲ್ಲ ಹಳದಿ. ಆದರೆ ಟ್ರಂಕಿನಲ್ಲಿ ನನ್ನ ಲೆಕ್ಕ ತಪ್ಪಿಸಿದ ಒಂದು ಪ್ರಿಂಟಿದೆ. ‘ಮೇ 1975’. ಜಗಲಿಯ ಕಂಬಕ್ಕೆ ಒರಗಿ ಕೂತ ಒಬ್ಬ ಮುದುಕಿ. ಸೀರೆಯ ಚೌಕುಳಿ, ಕೈಬೆರಳಿನ ಗೆಣ್ಣುಗಳು ಎಲ್ಲ ನಿನ್ನೆ ಪ್ರಿಂಟಾದಂತಿವೆ. ಮೇ ತಿಂಗಳದ್ದು ಹೀಗೆ ಹೇಗೆ ಉಳಿಯಿತು?

ದೊಡ್ಡಮ್ಮ ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಅದು ಅವರ ತಾಯಿ. ತಾಯಿಯ ಫೋಟೋ ಎಂದಿರುವುದು ಅದೊಂದೇ. ಆ ಸಲ ಬಾವಿಯಲ್ಲಿ ಎರಡು ಕೊಡ ನೀರೂ ಗಟ್ಟಿಯಿರಲಿಲ್ಲ. ಅಡಿಕೆ ದಬ್ಬೆಯಲ್ಲಿ ಬರುವ ಅಬ್ಬಿ ನೀರೂ ನಿಂತಿತ್ತು. ಪ್ರಿಂಟನ್ನು ಹೈಪೋದಿಂದ ತೆಗೆದು ಒದ್ದೆಯಾಗಿಯೇ ಬೇಸಿನ್ನಿನಲ್ಲಿಟ್ಟು, ಮೇಲೊಂದು ಬಾಳೆ ಎಲೆ ಮುಚ್ಚಿಕೊಂಡು, ತೋಟ ದಾಟಿ ಹಳ್ಳಕ್ಕೆ ಇಳಿದು ಹೋದರಂತೆ. ಹಳ್ಳದ ಗುಂಡಿಯಲ್ಲಿ ನೀರಿತ್ತು. “ಅವತ್ತು ಎಷ್ಟು ನೀರು ಅಂತ ಎಣಿಸ್ಲಿಲ್ಲ. ಕತ್ತಲಾಗೋ ತನಕ ಅಲ್ಲೇ ಕೂತಿದ್ದೆ” ಎಂದರು.

ನಾನು ತುಂಬಬೇಕಾದ ಕಂಪ್ಯೂಟರ್ ನಮೂನೆಯಲ್ಲಿ ‘ಛಾಯಾಗ್ರಾಹಕ’ ಎಂಬ ಒಂದು ಅಂಕಣವಿದೆ, ಒಂದು ಹೆಸರಿಗೆ ಮಾತ್ರ ಜಾಗ. ‘ಮುದ್ರಣ’ ಎಂಬ ಅಂಕಣವಿಲ್ಲ. ಬೇಕೆಂದು ಕೇಳಿದ್ದಕ್ಕೆ, ಮನೆಯ ಫೋಟೋಗಳಿಗೆ ಅಷ್ಟೆಲ್ಲ ಯಾಕೆ ಎಂಬ ಉತ್ತರ ಬಂತು. ಅದಕ್ಕಿಂತ ನನ್ನನ್ನು ಕಾಡಿದ್ದು ಟ್ರಂಕಿನ ತಳದಲ್ಲಿ ಸಿಕ್ಕ ಇನ್ನೊಂದು ಪ್ರಿಂಟು. ದೊಡ್ಡಪ್ಪ ಸೈಕಲ್ ಹಿಡಿದು ನಿಂತಿದ್ದಾರೆ, ಸ್ವಲ್ಪ ವಾಲಿದ ಚೌಕಟ್ಟು, ಮುಂದೆ ಅಂಗಳದಲ್ಲಿ ಸೀರೆ ಉಟ್ಟವರೊಬ್ಬರ ನೆರಳು. ಟ್ರಂಕಿನಲ್ಲಿ ಅವರದ್ದೆಂದು ಇರುವ ಚಿತ್ರ ಅದೊಂದೇ. ಹಿಂದೆ ಎಂದಿನ ನೀಲಿ ಸ್ಟಾಂಪು: ಅವರ ಫೋಟೋ ಅವರೇ ತೆಗೆದದ್ದು! ಯಾರು ತೆಗೆದದ್ದೆಂದು ದೊಡ್ಡಮ್ಮನನ್ನು ಕೇಳಿದೆ. “ಇವರು ಒತ್ತು ಅಂದ್ರು, ಒತ್ತಿದೆ. ಅದರಲ್ಲೇನು?” ಎಂದರು. ನಾನು ಆ ಅಂಕಣದಲ್ಲಿ ಅವರ ಹೆಸರು ಬರೆದೆ. ಉಳಿದ ಪ್ರಿಂಟುಗಳಿಗೆ ‘ಷರಾ’ ಎಂಬ ಖಾನೆಯಲ್ಲಿ ಎಣಿಕೆ, ತೊಳೆತ ಎಂದು ಬರೆದು ಮುಂದೆ ಅವರ ಹೆಸರು ಹಾಕುತ್ತಿದ್ದೇನೆ. ಯಾರಾದರೂ ಅಳಿಸುವ ತನಕ ಇರುತ್ತದೆ.

ಇಷ್ಟೆಲ್ಲ ಬರೆಯುವವನು ಒಮ್ಮೆಯಾದರೂ ಮಾಡಿ ನೋಡಬೇಕೆಂದು 2024ರ ಮಾರ್ಚಿನಲ್ಲಿ ಬೆಂಗಳೂರಿನ ನನ್ನ ಬಾಡಿಗೆ ಮನೆಯ ಬಾತ್‌ರೂಮಿನಲ್ಲಿ ಆ ಸೈಕಲ್ ಚಿತ್ರದ ನೆಗೆಟಿವನ್ನು ಪ್ರಿಂಟು ಹಾಕಿದೆ. ಮೂರು ಕಾಗದ ಕೆಟ್ಟು ನಾಲ್ಕನೆಯದು ಬಂತು. ದೊಡ್ಡಪ್ಪನ ಮುಖ ಮೂಡುವುದನ್ನು ನೋಡಿದೆ, ಅದರ ಬಗ್ಗೆ ಬರೆಯದಿರುವುದೇ ವಾಸಿ. ಬೆಂಗಳೂರು ನೀರಿಲ್ಲದೆ ಒದ್ದಾಡಿದ ಬೇಸಿಗೆ ಅದು. ನಮ್ಮ ಬೀದಿಗೆ ಮೂರು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತಿತ್ತು, ಕೆಳಗಿನ ಮನೆಯವರು ಬಕೆಟ್ ಲೆಕ್ಕ ಹಾಕುತ್ತಿದ್ದರು.

ಮುಂದಿನ ವಾರ ಊರಿಗೆ ಹೋದಾಗ ಪ್ರಿಂಟನ್ನು ದೊಡ್ಡಮ್ಮನ ಕೈಗೆ ಕೊಟ್ಟೆ. ಅವರು ಚಿತ್ರ ನೋಡುವ ಮೊದಲು ಅದನ್ನು ಮೂಗಿನ ಹತ್ತಿರ ಹಿಡಿದರು.

“ಎಷ್ಟು ನೀರು ಬದಲಾಯಿಸ್ದೆ ಮಾರಾಯ?”

“ಮೂರು” ಎಂದೆ.

ಅವರು ಏನೂ ಹೇಳದೆ ಎದ್ದು ಬಚ್ಚಲಿಗೆ ಹೋಗಿ ಬೇಸಿನ್ ತಂದರು. ನನ್ನ ಕೈಗೆ ಕೊಡ ಕೊಟ್ಟರು.